ಅಪ್ಪಯ್ಯನ ಕಿವಿ ಗುಗ್ಗೆ: ಐದು ದಿನ ಎಣ್ಣೆ, ಆರನೇ ದಿನ ನೀರು

ನಮ್ಮ ಅಪ್ಪಯ್ಯನಿಗೆ 79 ವರ್ಷ. ಬಲಗಿವಿಗೆ ಮೆಷಿನ್ ಹಾಕಿಕೊಂಡು ಆರು ವರ್ಷ ಆಯಿತು. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೆಷಿನ್ ಕುಂಯ್ ಅಂತ ಶಿಳ್ಳೆ ಹಾಕಲು ಶುರು ಮಾಡಿತು. ಸೆಲ್ ಬದಲಾಯಿಸಿದೆ. ಕಿವಿಯೊಳಗೆ ಕೂರುವ ಅದರ ಅಚ್ಚನ್ನು ಒರೆಸಿದೆ. ಏನೂ ಆಗಲಿಲ್ಲ. ಅವರು ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳುವವರು. ಮೊದಲು ರೇಡಿಯೋ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. ಆಮೇಲೆ ರೇಡಿಯೋ ಹಾಕುವುದನ್ನೇ ಬಿಟ್ಟರು. ಏನು ಕೇಳಿದರೂ "ಎಂತ?" ಅನ್ನುವುದು, ಎರಡನೇ ಸಲವೂ ಕೇಳದಿದ್ದರೆ ಸುಮ್ನೆ ತಲೆ ಆಡಿಸುವುದು. ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

"ಅಡಿಕೆ ಕೊಯ್ಲು ಮುಗಿಯಲಿ, ಹೊಸ ಮೆಷಿನ್ನೇ ತರೋಣ" ಅಂದ ತಮ್ಮ. ತರುವ ಮೊದಲು ಒಮ್ಮೆ ತೋರಿಸೋಣ ಅಂತ ಸಾಗರದಿಂದ ಶಿವಮೊಗ್ಗಕ್ಕೆ ಹೋಗಿ ಕಿವಿ ಡಾಕ್ಟರನ್ನು ಕಂಡೆವು. ಅವರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, "ಮೆಷಿನ್ ಸರಿ ಇದೆಯಮ್ಮ, ಎರಡೂ ಕಿವಿ ಗುಗ್ಗೆಯಿಂದ ತುಂಬಿ ಹೋಗಿದೆ" ಅಂದರು. ಗಟ್ಟಿಯಾಗಿದೆ, ಈಗಲೇ ತೆಗೆದರೆ ನೋವಾಗುತ್ತದೆ ಅಂತ ಐದು ದಿನಕ್ಕೆ ಡ್ರಾಪ್ಸ್ ಬರೆದುಕೊಟ್ಟರು. ಆರನೇ ದಿನ ಮತ್ತೆ ಹೋದಾಗ ನೀರು ಬಿಟ್ಟು ತೊಳೆದರು. ಬಲಗಿವಿಯಿಂದ ಅಲಸಂದೆ ಕಾಳಿನಷ್ಟು ದೊಡ್ಡ ಉಂಡೆ ಬಂತು, ಹಳೇ ಜೋನಿಬೆಲ್ಲದ ಬಣ್ಣ. ವಾಪಸ್ ಬರುವಾಗ ಅಪ್ಪಯ್ಯ ಬಸ್ಸಿನಲ್ಲಿ ಸುತ್ತ ನೋಡಿ, "ಈ ಕಿಟಕಿ ಗಾಜು ಎಷ್ಟು ಗಡಗಡ ಅನ್ನತ್ತೆ, ಅಲ್ವಾ?" ಅಂದರು.

ಅವತ್ತು ಅಲ್ಲಿದ್ದ ಸಿಸ್ಟರ್ ನನಗೆ ಈ ಕೆಲಸ ಹೇಳಿಕೊಟ್ಟರು. ಒಂದು ಮಾತನ್ನು ಒತ್ತಿ ಹೇಳಿದರು: "ಇವರ ಕಿವಿ ತಮಟೆ ಸರಿ ಇದೆ ಅಂತ ಡಾಕ್ಟರ್ ನೋಡಿದ್ದಾರೆ, ಅದಕ್ಕೆ ಹೇಳಿಕೊಡುತ್ತಿದ್ದೇನೆ." ಅದಾದ ಮೇಲೆ ಮೂರು ತಿಂಗಳಿಗೊಮ್ಮೆ ನಾನೇ ಮನೆಯಲ್ಲಿ ಮಾಡುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಮೊದಲು ಗುಗ್ಗೆ ಅಂದರೆ ಏನು ಅಂತ ಸ್ವಲ್ಪ ತಿಳಿದಿರಬೇಕು. ಅದು ಹೊರಗಿನಿಂದ ಬಂದು ಕೂತ ಕೊಳೆ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಕಿವಿಯ ದಾರಿ ದೊಡ್ಡವರಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಹುಟ್ಟುತ್ತದೆ. ಅಲ್ಲಿನ ಸಣ್ಣ ಗ್ರಂಥಿಗಳ ಜಿಡ್ಡು, ಉದುರಿದ ಚರ್ಮ, ಕೂದಲು ಎಲ್ಲ ಸೇರಿ ಆಗುವ ವಸ್ತು ಅದು. ದೂಳು ಒಳಗೆ ಹೋಗದಂತೆ ಹಿಡಿಯುತ್ತದೆ, ನೀರು ಚರ್ಮಕ್ಕೆ ಇಳಿಯದಂತೆ ತಡೆಯುತ್ತದೆ. ಕಿವಿಯೊಳಗಿನ ಚರ್ಮ ತಮಟೆಯ ಕಡೆಯಿಂದ ಹೊರಕ್ಕೆ ನಿಧಾನವಾಗಿ ಬೆಳೆಯುತ್ತಾ ಬರುತ್ತದೆ. ನಾವು ಅಗಿಯುವಾಗ, ಮಾತಾಡುವಾಗ ದವಡೆ ಅಲ್ಲಾಡುವುದೂ ಸಹಾಯ ಮಾಡುತ್ತದೆ. ಹೀಗೆ ಗುಗ್ಗೆ ತಾನಾಗಿ ಹೊರಗೆ ಬಂದು ಉದುರುತ್ತದೆ. ಹೆಚ್ಚಿನವರಿಗೆ ಏನೂ ಮಾಡಬೇಕಾಗಿಲ್ಲ. ಕಿವಿ ಚೆನ್ನಾಗಿ ಕೇಳುತ್ತಿದ್ದು, ನೋವು ತುರಿಕೆ ಇಲ್ಲದಿದ್ದರೆ ಒಳಗೆ ಸ್ವಲ್ಪ ಗುಗ್ಗೆ ಕಂಡರೂ ಅದರ ತಂಟೆಗೆ ಹೋಗಬೇಡಿ.

ಕಟ್ಟಿಕೊಳ್ಳುವುದು ಕೆಲವರಿಗೆ. ವಯಸ್ಸಾದವರಲ್ಲಿ ಗುಗ್ಗೆ ಒಣಗಿ ಗಟ್ಟಿಯಾಗುತ್ತದೆ. ಮೆಷಿನ್ ಹಾಕುವವರಿಗೆ ಅದರ ಅಚ್ಚು ಬಾಗಿಲಲ್ಲೇ ಕೂತಿರುತ್ತದೆ, ಗುಗ್ಗೆ ಹೊರಗೆ ಬರುವುದು ಹೇಗೆ? ದಿನವಿಡೀ ಇಯರ್‌ಫೋನ್ ಹಾಕುವವರಿಗೂ ಹೀಗೇ ಆಗಬಹುದು. ಎಲ್ಲರ ಗುಗ್ಗೆಯೂ ಒಂದೇ ತರಹ ಇರುವುದಿಲ್ಲ. ಕೆಲವರದು ಜೇನಿನ ಹಾಗೆ ಅಂಟು, ಕೆಲವರದು ಹೊಟ್ಟಿನ ಹಾಗೆ ಒಣ. ಇದು ಒಂದು ಜೀನ್‌ನಿಂದ ತೀರ್ಮಾನ ಆಗುತ್ತದೆ ಅಂತ ಜಪಾನಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು.

ಈಗ ಯಾರು ಮನೆಯಲ್ಲಿ ಮಾಡಬಾರದು ಅನ್ನುವುದು. ಇದನ್ನು ಓದದೆ ಮುಂದೆ ಹೋಗಬೇಡಿ. ಕಿವಿ ಸೋರುತ್ತಿದ್ದರೆ, ನೋವಿದ್ದರೆ, ಜ್ವರ ಇದ್ದರೆ, ರಕ್ತ ಬಂದಿದ್ದರೆ ಬೇಡ. ತಮಟೆ ತೂತಾಗಿದೆ ಅಂತ ಯಾವಾಗಲಾದರೂ ಡಾಕ್ಟರ್ ಹೇಳಿದ್ದರೆ, ಕಿವಿಗೆ ಆಪರೇಷನ್ ಆಗಿದ್ದರೆ, ತಮಟೆಯಲ್ಲಿ ಸಣ್ಣ ನಳಿಗೆ ಇಟ್ಟಿದ್ದರೆ ಬೇಡವೇ ಬೇಡ. ಎಣ್ಣೆಯೂ ಬೇಡ, ನೀರೂ ಬೇಡ. ಒಂದೇ ಕಿವಿ ಕೇಳುವವರು ಆ ಕಿವಿಗೆ ಮನೆಯಲ್ಲಿ ಕೈ ಹಾಕಬಾರದು. ಚಿಕ್ಕ ಮಕ್ಕಳಿಗೆ ಡಾಕ್ಟರೇ ಮಾಡಲಿ. ಸಕ್ಕರೆ ಕಾಯಿಲೆ ಇರುವವರಿಗೆ ನೀರು ಬಿಡುವುದು ಒಳ್ಳೆಯದಲ್ಲ. ಒಳಗೆ ಒಂದು ಸಣ್ಣ ಗೀರು ಆಗಿ ನೀರು ನಿಂತರೆ ಸಾಕು, ಅವರಿಗೆ ಸೋಂಕು ಮೂಳೆವರೆಗೂ ಇಳಿಯಬಹುದು. ನಮ್ಮ ಅಮ್ಮನಿಗೆ ಶುಗರ್ ಇದೆ. ಅವರ ಕಿವಿಯನ್ನು ನಾನು ಮುಟ್ಟುವುದಿಲ್ಲ. ಡಾಕ್ಟರ್ ಸಣ್ಣ ನಳಿಗೆಯಿಂದ ಎಳೆದು ತೆಗೆಯುತ್ತಾರೆ, ಎರಡು ನಿಮಿಷದ ಕೆಲಸ.

ಇನ್ನೊಂದು ಬಹಳ ಮುಖ್ಯ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳದಂತಾದರೆ ಗುಗ್ಗೆ ಇರಬೇಕು ಅಂತ ಐದು ದಿನ ಎಣ್ಣೆ ಬಿಡುತ್ತಾ ಕೂರಬೇಡಿ. ಬಾಯಿ ಮುಚ್ಚಿ "ಮ್ಮ್" ಅಂತ ಗುನುಗಿ ನೋಡಿ. ಆ ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ದಾರಿಯಲ್ಲಿ ಏನೋ ಅಡ್ಡ ಇದೆ, ಗುಗ್ಗೆ ಇರಬಹುದು. ಸರಿ ಇರುವ ಕಿವಿಯಲ್ಲಿ ಜೋರಾಗಿ ಕೇಳಿಸಿದರೆ ತೊಂದರೆ ಒಳಗಿವಿಯಲ್ಲಿ, ನರದಲ್ಲಿ ಇರಬಹುದು. ಅದಕ್ಕೆ ಮೊದಲ ಕೆಲವು ದಿನಗಳಲ್ಲೇ ಔಷಧಿ ಶುರುವಾಗಬೇಕು. ಅವತ್ತೇ ಹೊರಡಿ. ಡಾಕ್ಟರು ಹಣೆಗೆ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಗುಂಯ್ ಅನ್ನುವ ಲೋಹದ ಕವೆ) ಇಟ್ಟು ಯಾವ ಕಿವಿಗೆ ಜೋರು ಅಂತ ಕೇಳುತ್ತಾರಲ್ಲ, ಈ ಗುನುಗೂ ಅದೇ ತತ್ವ. ಇದು ಮನೆಯ ಅಂದಾಜು ಅಷ್ಟೇ. ಅನುಮಾನ ಬಂದರೆ ಗುನುಗನ್ನು ನಂಬಿ ಕೂರದೆ ಹೋಗಿ ತೋರಿಸಿ.

ಎಣ್ಣೆಯ ಐದು ದಿನ

ಈ ಇಡೀ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯದೇ. ಗಟ್ಟಿ ಗುಗ್ಗೆಗೆ ನೇರ ನೀರು ಬಿಟ್ಟರೆ ಅದು ಅಲ್ಲಾಡುವುದಿಲ್ಲ, ನೋವು ಮಾತ್ರ. ಹಾಗಾಗಿ ಆತುರ ಬೇಡ.

ಎಣ್ಣೆ ಯಾವುದು? ಆಲಿವ್ ಎಣ್ಣೆ ಅಥವಾ ಬಾದಾಮಿ ಎಣ್ಣೆಯ ಸಣ್ಣ ಸೀಸೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಾನು ಮನೆಯ ಕೊಬ್ಬರಿ ಎಣ್ಣೆಯನ್ನೇ ಬಳಸುತ್ತೇನೆ, ಅಡುಗೆಗೆ ಬಳಸುವ ಶುದ್ಧ ಎಣ್ಣೆ. ತಲೆಗೆ ಹಚ್ಚುವ ಘಮಘಮ ಎಣ್ಣೆ ಬೇಡ, ಅದರ ಸುಗಂಧ ಕಿವಿಯ ಚರ್ಮಕ್ಕೆ ಉರಿ ತರಬಹುದು. ಗುಗ್ಗೆ ಕರಗಿಸುವ ಡ್ರಾಪ್ಸ್ ಕೂಡ ಸಿಗುತ್ತದೆ. ಅದನ್ನು ಡಾಕ್ಟರ್ ಹೇಳಿದ್ದರೆ ಹೇಳಿದಷ್ಟೇ ದಿನ ಹಾಕಿ. ಕೆಲವರಿಗೆ ಅದರಿಂದ ಉರಿ ಆಗುತ್ತದೆ, ಹಾಗಾದರೆ ನಿಲ್ಲಿಸಬೇಕು.

ನಮ್ಮ ಕಡೆ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ. ಸೌಟಿನಲ್ಲಿ ಹಾಕಿ ಒಲೆ ಮೇಲೆ ಹಿಡಿಯುವುದು ಹಳೇ ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ಎಷ್ಟು ಬಿಸಿ ಆಗಿದೆ ಅಂತ ನೋಡಿದರೆ ಗೊತ್ತಾಗುವುದಿಲ್ಲ. ಬಿಸಿ ಎಣ್ಣೆ ಬಿದ್ದು ಕಿವಿ ಸುಟ್ಟರೆ ಹೋದ ಕೇಳುವಿಕೆ ವಾಪಸ್ ಬಾರದೇ ಇರಬಹುದು. ಒಂದು ಲೋಟ ಬಿಸಿ ನೀರಿನಲ್ಲಿ ಎಣ್ಣೆ ಸೀಸೆಯನ್ನು ಐದು ನಿಮಿಷ ನಿಲ್ಲಿಸಿ. ಎಣ್ಣೆ ಕರಗುತ್ತದೆ, ಹಿತವಾಗಿ ಬೆಚ್ಚಗಾಗುತ್ತದೆ. ಒಂದು ಹನಿಯನ್ನು ಮುಂಗೈ ಒಳಭಾಗಕ್ಕೆ ಬಿಟ್ಟು ನೋಡಿ. ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಬೆಳ್ಳುಳ್ಳಿ, ಓಮ ಹಾಕಿ ಕಾಯಿಸಿದ ಎಣ್ಣೆಯನ್ನು ನಮ್ಮ ಅಜ್ಜಿ ಬಿಡುತ್ತಿದ್ದರು. ಪ್ರೀತಿಯಿಂದಲೇ ಬಿಡುತ್ತಿದ್ದರು, ಆದರೆ ಗುಗ್ಗೆ ಮೆದುವಾಗಲು ಬೆಳ್ಳುಳ್ಳಿ ಬೇಕಾಗಿಲ್ಲ, ಅದರ ಖಾರ ಚರ್ಮವನ್ನು ಸುಡುತ್ತದೆ.

ಅಪ್ಪಯ್ಯನನ್ನು ಮಗ್ಗುಲಾಗಿ ಮಲಗಿಸುತ್ತೇನೆ, ಕಟ್ಟಿದ ಕಿವಿ ಮೇಲಕ್ಕೆ. ದೊಡ್ಡವರಿಗೆ ಕಿವಿಯ ಹಾಳೆಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆದರೆ ಒಳದಾರಿ ನೆಟ್ಟಗಾಗುತ್ತದೆ. ಎರಡು ಮೂರು ಹನಿ ಸಾಕು. ಕಿವಿಯ ಮುಂದಿರುವ ಸಣ್ಣ ಗುಬಟನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ಒತ್ತುತ್ತೇನೆ, ಎಣ್ಣೆ ಇಳಿಯುತ್ತದೆ. ಹತ್ತು ನಿಮಿಷ ಹಾಗೇ ಮಲಗಬೇಕು. ಎದ್ದ ಮೇಲೆ ಹರಿದು ಬಂದಿದ್ದನ್ನು ಬಟ್ಟೆಯಿಂದ ಒರೆಸಿದರೆ ಆಯಿತು. ಹತ್ತಿ ತುರುಕಿ ಇಡಬೇಡಿ, ಅದು ಎಣ್ಣೆಯನ್ನೆಲ್ಲ ಕುಡಿದುಬಿಡುತ್ತದೆ. ದಿನಕ್ಕೆ ಮೂರು ಸಲ ಹೀಗೆ. ನಾವು ಬೆಳಿಗ್ಗೆ ಕಾಫಿ ಆದ ಮೇಲೆ, ಮಧ್ಯಾಹ್ನ ಮಲಗುವಾಗ, ರಾತ್ರಿ ಮಲಗುವಾಗ ಮಾಡುತ್ತೇವೆ.

ಎರಡನೇ ಮೂರನೇ ದಿನ ಕಿವಿ ಇನ್ನೂ ಜಾಸ್ತಿ ಕಟ್ಟಿದ ಹಾಗೆ ಅನ್ನಿಸಬಹುದು. ಮೊದಲ ಸಲ ಹಾಗಾದಾಗ ನನಗೆ ಗಾಬರಿ ಆಗಿತ್ತು. ಗುಗ್ಗೆ ಎಣ್ಣೆ ಕುಡಿದು ಉಬ್ಬಿರುತ್ತದೆ, ಅಷ್ಟೇ. ಮೊದಲೇ ಮನೆಯವರಿಗೆ ಹೇಳಿಟ್ಟಿರಿ.

ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಒಂದೆರಡು ವಾರದಲ್ಲಿ ಗುಗ್ಗೆ ತಾನಾಗಿ ಸ್ವಲ್ಪ ಸ್ವಲ್ಪ ಬರುತ್ತದೆ, ದಿಂಬಿನ ಮೇಲೆ ಕಂದು ಕಲೆ ಕಾಣುತ್ತದೆ. ಹಾಗೆ ಬಂದು ಕಿವಿ ತೆರೆದುಕೊಂಡರೆ ನೀರಿನ ಕೆಲಸವೇ ಬೇಡ. ನಮ್ಮಲ್ಲಿ ಕಳೆದ ಸಲ ಹೀಗೇ ಆಯಿತು.

ನೀರು ಬಿಡುವ ದಿನ

ಬೇಕಾಗುವುದು 20 ಎಂಎಲ್‌ನ ಹೊಸ ಸಿರಿಂಜು, ಸೂಜಿ ಇಲ್ಲದ್ದು. ರಬ್ಬರಿನ ಒತ್ತುಗುಂಡು ಇರುವ ಪಿಚಕಾರಿಯೂ ಆಗುತ್ತದೆ. ಒಂದು ಬೋಗುಣಿ, ಎರಡು ಟವೆಲ್, ಕುದಿಸಿ ಆರಿಸಿದ ನೀರು. ಸಿರಿಂಜನ್ನು ಇದೊಂದಕ್ಕೇ ಇಟ್ಟುಕೊಳ್ಳಿ.

ನೀರಿನ ಬಿಸಿಯ ವಿಷಯದಲ್ಲಿ ನಾನು ಒಮ್ಮೆ ತಪ್ಪು ಮಾಡಿದೆ. ಡಿಸೆಂಬರ್ ಬೆಳಿಗ್ಗೆ, ನೀರು ಸರಿಯಾಗೇ ಬೆಚ್ಚಗಿತ್ತು. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬಂದು ನೋಡದೇ ಹಾಗೇ ಬಿಟ್ಟೆ. ಅಪ್ಪಯ್ಯ ತಟ್ಟನೆ ಮೇಜು ಹಿಡಿದುಕೊಂಡರು. "ಮನೆ ತಿರುಗ್ತಾ ಇದೆ" ಅಂದರು. ಮುಖ ಬೆವರಿತು, ಕಣ್ಣುಗುಡ್ಡೆ ಪಕ್ಕಕ್ಕೆ ಎಳೆದು ಎಳೆದು ಬರುತ್ತಿತ್ತು. ಒಂದೆರಡು ನಿಮಿಷದಲ್ಲಿ ನಿಂತಿತು, ಆದರೆ 79 ವರ್ಷದವರು ನಿಂತಿದ್ದರೆ ಬಿದ್ದೇಬಿಡುತ್ತಿದ್ದರು.

ಯಾಕೆ ಹೀಗಾಯಿತು ಅಂತ ಆಮೇಲೆ ಓದಿ ತಿಳಿದೆ. ನಮ್ಮ ಸಮತೋಲ ನೋಡಿಕೊಳ್ಳುವ ದ್ರವ ತುಂಬಿದ ಕೊಳವೆಗಳು ಒಳಗಿವಿಯಲ್ಲಿವೆ. ದೇಹದ ಬಿಸಿಗಿಂತ ತಣ್ಣಗಿರುವ ನೀರು ಹತ್ತಿರ ಬಂದರೆ ಆ ದ್ರವ ಹರಿಯಲು ಶುರುವಾಗುತ್ತದೆ, ತಲೆ ತಿರುಗುತ್ತಿದೆ ಅಂತ ಮೆದುಳಿಗೆ ಸುದ್ದಿ ಹೋಗುತ್ತದೆ. ಜಾಸ್ತಿ ಬಿಸಿ ಇದ್ದರೂ ಹೀಗೇ, ಆಗ ಕಣ್ಣು ಎದುರು ದಿಕ್ಕಿಗೆ ಎಳೆಯುತ್ತದೆ. ಇದನ್ನು ಕಂಡುಹಿಡಿದವರು ವಿಯೆನ್ನಾದ ಕಿವಿ ಡಾಕ್ಟರ್ ರಾಬರ್ಟ್ ಬಾರಾನಿ. ಅವರೂ ರೋಗಿಗಳ ಕಿವಿಗೆ ನೀರು ಬಿಡುವಾಗಲೇ ಇದನ್ನು ಗಮನಿಸಿದ್ದು. ಒಳಗಿವಿಯ ಸಮತೋಲದ ಮೇಲಿನ ಕೆಲಸಕ್ಕೆ ಅವರಿಗೆ 1914ರ ನೊಬೆಲ್ ಬಹುಮಾನ ಬಂತು. ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು. ಇವತ್ತಿಗೂ ತಲೆಸುತ್ತು ಅಂತ ಹೋದವರಿಗೆ ಡಾಕ್ಟರು ಬೇಕಂತಲೇ ಕಿವಿಗೆ ಬಿಸಿ, ತಣ್ಣೀರು ಬಿಟ್ಟು ಪರೀಕ್ಷೆ ಮಾಡುವುದುಂಟು.

ಹಾಗಾಗಿ ನೀರು ದೇಹದಷ್ಟೇ ಬೆಚ್ಚಗಿರಬೇಕು, 37 ಡಿಗ್ರಿ. ಈಗ ನಾನು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ನೀರಿಗೆ ಅದ್ದಿ ನೋಡಿಯೇ ಸಿರಿಂಜಿಗೆ ತುಂಬುತ್ತೇನೆ. ಎರಡನೇ ಸಲ ತುಂಬುವಾಗಲೂ ನೋಡುತ್ತೇನೆ.

ಕೂರಿಸಿಯೇ ಮಾಡಬೇಕು, ಒರಗು ಇರುವ ಕುರ್ಚಿಯಲ್ಲಿ. ಹೆಗಲ ಮೇಲೆ ಟವೆಲ್. ಬೋಗುಣಿಯನ್ನು ಕಿವಿಯ ಕೆಳಗೆ ಕೆನ್ನೆಗೆ ಒತ್ತಿ ಅವರೇ ಹಿಡಿದುಕೊಳ್ಳಲಿ. ಒಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆಯಿರಿ. ಸಿರಿಂಜಿನ ತುದಿ ಕಿವಿಯ ಬಾಯಿಯಲ್ಲೇ ಇರಲಿ, ಒಳಗೆ ತೂರಿಸಬೇಡಿ. ಬಾಯಿಯನ್ನು ಪೂರ್ತಿ ಮುಚ್ಚಲೂಬಾರದು, ನೀರು ವಾಪಸ್ ಬರಲು ಜಾಗ ಬೇಕಲ್ಲ. ತುದಿಯನ್ನು ಮೇಲಿನ, ಹಿಂದಿನ ಗೋಡೆಯ ಕಡೆಗೆ ತಿರುಗಿಸಿ ಮೆಲ್ಲಗೆ ಒತ್ತಿ. ನೇರ ತಮಟೆಗೆ ಹೊಡೆಯಬಾರದು. ನೀರು ಗೋಡೆ ಹಿಡಿದು ಗುಗ್ಗೆಯ ಹಿಂದೆ ಹೋಗಿ ಅದನ್ನು ಹೊರಗೆ ತಳ್ಳಬೇಕು. ಗಿಡಕ್ಕೆ ನೀರು ಹಾಕುವಷ್ಟು ನಿಧಾನ ಇರಲಿ.

ಮಧ್ಯೆ ಕೆಮ್ಮು ಬಂದರೆ ಹೆದರಬೇಡಿ. ಗಂಟಲಿಗೆ ಹೋಗುವ ನರದ ಒಂದು ಕವಲು ಕಿವಿಯ ದಾರಿಗೂ ಬರುತ್ತದೆ, ಅದನ್ನು ಮುಟ್ಟಿದರೆ ಕೆಲವರಿಗೆ ಕೆಮ್ಮು ಬರುತ್ತದೆ. ಅಪ್ಪಯ್ಯನಿಗೆ ಪ್ರತಿ ಸಲ ಬರುತ್ತದೆ. ಒಂದು ನಿಮಿಷ ನಿಲ್ಲಿಸಿ ಮುಂದುವರಿಸುತ್ತೇನೆ. ನೋವು ಬಂದರೆ, ತಲೆ ಸುತ್ತಿದರೆ, ರಕ್ತದ ಎಳೆ ಕಂಡರೆ ಮಾತ್ರ ಅಲ್ಲಿಗೇ ನಿಲ್ಲಿಸಬೇಕು, ಮತ್ತೆ ಶುರು ಮಾಡಬಾರದು.

ಎರಡು ಮೂರು ಸಿರಿಂಜು ನೀರಿಗೆ ಬರದಿದ್ದರೆ ಕಿವಿಗೆ ಅದೇ ಬೆಚ್ಚನೆಯ ನೀರನ್ನು ತುಂಬಿ, ಮಗ್ಗುಲಾಗಿ 15 ನಿಮಿಷ ಮಲಗಿಸಿ, ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ಬರದಿದ್ದರೆ ಅವತ್ತಿಗೆ ಬಿಡಿ. ಇನ್ನೂ ಎರಡು ಮೂರು ದಿನ ಎಣ್ಣೆ, ಆಮೇಲೆ ಇನ್ನೊಂದೇ ಸಲ. ಅದಕ್ಕೂ ಜಗ್ಗದಿದ್ದರೆ ಅದು ಡಾಕ್ಟರ ಕೆಲಸ. ಒತ್ತಿ ಜೋರಾಗಿ ಬಿಟ್ಟರೆ ಬರಬಹುದು ಅಂತ ಆಸೆ ಆಗುತ್ತದೆ, ನನಗೂ ಆಗಿತ್ತು. ಜೋರಿಗೆ ಬರುವುದು ಗುಗ್ಗೆ ಅಲ್ಲದೆ ರಕ್ತವೂ ಆಗಬಹುದು.

ಬಂದ ಮೇಲೆ ತಲೆಯನ್ನು ಆ ಕಡೆಗೆ ಬಾಗಿಸಿ ನೀರು ಪೂರ್ತಿ ಇಳಿಯಲು ಬಿಡಿ. ಹೊರಗೆ ಬಂದಷ್ಟನ್ನು ಟವೆಲಿನಿಂದ ಒರೆಸಿ. ಹೇರ್ ಡ್ರೈಯರ್ ಇದ್ದರೆ ತೀರಾ ಕಡಿಮೆ ಬಿಸಿಯಲ್ಲಿ, ಮೊಳ ದೂರದಿಂದ ಒಂದೆರಡು ನಿಮಿಷ ಗಾಳಿ ಬಿಡಿ. ಮಲೆನಾಡಿನವರು, ಕರಾವಳಿಯವರು ಈ ಒಣಗಿಸುವುದನ್ನು ಮರೆಯಲೇಬಾರದು. ಒದ್ದೆ ಕಿವಿ, ತೇವದ ಹವೆ, ಎಣ್ಣೆಯ ಜಿಡ್ಡು ಮೂರೂ ಸೇರಿದರೆ ಬೂಷ್ಟು ಬೆಳೆಯುತ್ತದೆ. ವಿಪರೀತ ತುರಿಕೆ, ಬಿಳಿ ಹತ್ತಿಯಂಥ ಪದರ, ಅದರ ಮೇಲೆ ಕಪ್ಪು ಚುಕ್ಕಿ ಕಂಡರೆ ಅದು ಗುಗ್ಗೆಯಲ್ಲ. ಅದಕ್ಕೆ ಎಣ್ಣೆ ಬಿಟ್ಟರೆ ಇನ್ನೂ ಹೆಚ್ಚುತ್ತದೆ. ಇದೇ ಕಾರಣಕ್ಕೆ ಜೋರು ಮಳೆಯ ಆಷಾಢ, ಶ್ರಾವಣದಲ್ಲಿ ನಾನು ನೀರು ಬಿಡುವುದೇ ಇಲ್ಲ. ಬೇಕೇ ಬೇಕಾದರೆ ಡಾಕ್ಟರ ಹತ್ತಿರ ಹೋಗುತ್ತೇವೆ.

ಕಡ್ಡಿ, ಪಿನ್ನು, ಬಡ್ಸ್

ನಮ್ಮ ಮನೆಯಲ್ಲಿ ಕಿವಿಗೆ ಹೋಗದ ವಸ್ತು ಇರಲಿಲ್ಲ. ಬೆಂಕಿಕಡ್ಡಿ, ಹೇರ್‌ಪಿನ್, ಬೀಗದ ಕೀ, ಕೋಳಿಪುಕ್ಕ. ಆಮೇಲೆ ಬಡ್ಸ್ ಬಂತು, ಅದು ಮೆತ್ತಗಿದೆ ಅಂತ ಧೈರ್ಯ ಬಂತು. ಪ್ಲಾಸ್ಟಿಕ್ ಕಡ್ಡಿಯ ಬಡ್ಸ್‌ಗೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧ ಆಗಿದೆ, ಈಗ ಕಾಗದದ್ದು, ಬಿದಿರಿನದು ಸಿಗುತ್ತದೆ. ಕಡ್ಡಿ ಯಾವುದಾದರೇನು, ಮಾಡುವುದು ಒಂದೇ. ತುದಿಗೆ ಸ್ವಲ್ಪ ಗುಗ್ಗೆ ಅಂಟಿ ಬರುತ್ತದೆ, ಉಳಿದದ್ದು ಒಳಕ್ಕೆ ಹೋಗಿ ತಮಟೆಯ ಹತ್ತಿರ ಒತ್ತಿ ಕೂರುತ್ತದೆ. ಗುಗ್ಗೆ ಹುಟ್ಟುವುದು ಹೊರಗಿನ ಭಾಗದಲ್ಲಿ ಅಂದೆನಲ್ಲ, ಅಪ್ಪಯ್ಯನ ಕಿವಿಯ ಉಂಡೆ ಅಷ್ಟು ಆಳಕ್ಕೆ ಹೋಗಿದ್ದು ಹೇಗೆ? ದಿನಾ ಸ್ನಾನ ಆದ ಮೇಲೆ ಅವರು ಬಡ್ಸ್ ಹಾಕುತ್ತಿದ್ದರು. ತಂದುಕೊಡುತ್ತಿದ್ದವಳು ನಾನೇ. ಅದು ಈಗಲೂ ನನ್ನ ಮನಸ್ಸಿನಲ್ಲಿದೆ.

ಈಗ ಫೋನಿಗೆ ಜೋಡಿಸುವ ಕ್ಯಾಮೆರಾ ಕಡ್ಡಿ ಬಂದಿದೆ. ತಮ್ಮನ ಮಗ ತರಿಸಿದ್ದಾನೆ. ಒಳಗೆ ಕಾಣುತ್ತದೆ ನಿಜ, ಆದರೆ ಫೋನಿನ ಪರದೆ ನೋಡುತ್ತಾ ಕೈ ಆಡಿಸುವಾಗ ಆಳ ಗೊತ್ತಾಗುವುದಿಲ್ಲ. ಒಳಗಿನ ಚರ್ಮ ಬಹಳ ತೆಳು, ಕೆಳಗೆ ನೇರ ಮೂಳೆ. ಯಾರಾದರೂ ಮೊಣಕೈ ತಗುಲಿಸಿದರೆ ಸಾಕು. ನೋಡಲು ಬಳಸಿದರೂ ಕೆರೆಯಲು ಬಳಸಬೇಡ ಅಂತ ಅವನಿಗೆ ಹೇಳಿದ್ದೇನೆ. ಕಿವಿಗೆ ಮೇಣದಬತ್ತಿ ಇಟ್ಟು ಹಚ್ಚುವುದಂತೂ ಬೇಡವೇ ಬೇಡ. ಅದು ಏನನ್ನೂ ಎಳೆಯುವುದಿಲ್ಲ, ಕೊನೆಗೆ ಬತ್ತಿಯೊಳಗೆ ತೋರಿಸುವ ಕಂದು ಮುದ್ದೆ ಆ ಬತ್ತಿಯದ್ದೇ ಮೇಣ.

ಮಕ್ಕಳು ಕಿವಿಗೆ ಕಡಲೆ, ಬಟಾಣಿ ಹಾಕಿಕೊಂಡಿದ್ದರೆ ನೀರು ಬಿಡಬೇಡಿ, ಕಾಳು ನೆನೆದು ಉಬ್ಬುತ್ತದೆ. ಹಾಗೇ ಕರೆದುಕೊಂಡು ಹೋಗಿ.

ಮೆಷಿನ್ ಹಾಕುವವರಿಗೆ ಒಂದೆರಡು ಮಾತು. ಎಣ್ಣೆ ಬಿಟ್ಟ ತಕ್ಷಣ ಮೆಷಿನ್ ಹಾಕಬೇಡಿ, ಎಣ್ಣೆ ಅಚ್ಚಿನ ತೂತಿಗೆ ಹೋದರೆ ಸದ್ದು ನಿಲ್ಲುತ್ತದೆ. ಎಣ್ಣೆಯ ಐದು ದಿನ ಅಪ್ಪಯ್ಯ ಬೆಳಿಗ್ಗೆ ಎಣ್ಣೆ ಆದ ಮೇಲೆ ಒಂದು ತಾಸು ಬಿಟ್ಟು, ಕಿವಿ ಒರೆಸಿಕೊಂಡು ಹಾಕುತ್ತಾರೆ. ಅಚ್ಚನ್ನು ದಿನಾ ರಾತ್ರಿ ಒಣ ಬಟ್ಟೆಯಿಂದ ಒರೆಸಿ, ತೂತನ್ನು ಮೆಷಿನ್ ಜೊತೆ ಕೊಟ್ಟ ಸಣ್ಣ ಬ್ರಷ್ಷಿನಿಂದ ತೂತು ಕೆಳಮುಖವಾಗಿ ಹಿಡಿದು ಉಜ್ಜುತ್ತೇನೆ. ಮೇಲ್ಮುಖವಾಗಿ ಹಿಡಿದರೆ ಉದುರಿದ್ದು ಒಳಗೇ ಬೀಳುತ್ತದೆ. ಮೆಷಿನ್ ಶಿಳ್ಳೆ ಹಾಕಿದರೆ, ಸದ್ದು ಮಂಕಾದರೆ, ಹೊಸ ಮೆಷಿನ್ನಿನ ಯೋಚನೆ ಮಾಡುವ ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿಸಿ. ಮೈಸೂರಿನ ಕಡೆಯವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ಕೇಳುವಿಕೆಯ ಪರೀಕ್ಷೆಯೂ ಅಲ್ಲಿ ಆಗುತ್ತದೆ. ಉಳಿದ ಊರಿನವರಿಗೆ ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗ ಹತ್ತಿರ.

ನಮ್ಮ ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಎಣ್ಣೆ ಶುರು ಮಾಡುವ ದಿನಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಹಾಕಿಟ್ಟಿದ್ದೇನೆ. ಮುಂದಿನ ಗೆರೆ ದೀಪಾವಳಿಗೆ ಒಂದು ವಾರ ಮೊದಲಿದೆ. ಹಬ್ಬದ ಎಣ್ಣೆಸ್ನಾನದ ದಿನ ಕಿವಿಗೆ ಎಣ್ಣೆ ಬಿಡು ಅಂತ ಅಪ್ಪಯ್ಯ ಹೇಗೂ ಕೇಳುತ್ತಾರೆ. ಅಷ್ಟೊತ್ತಿಗೆ ಗುಗ್ಗೆ ಬಂದಾಗಿರುತ್ತದೆ.